ಕೆಮ್ಮಣ್ಣಿನ ನಾಲ್ಕು ತಾಲ್ಲೂಕು

ಶನಿವಾರ ಬಂತೆಂದರೆ ಹುಣಸೂರು ಸೀಮೆಯ ತಾಯಂದಿರಿಗೆ ತಲೆನೋವು. ಅನೇಕ ಶಾಲೆಗಳಲ್ಲಿ ಅಂದು ಬಿಳಿ ಸಮವಸ್ತ್ರ, ಬಿಳಿ ಕ್ಯಾನ್ವಾಸ್ ಬೂಟು. ಬೆಳಿಗ್ಗೆ ನೀಲಿ ಅದ್ದಿ, ಇಸ್ತ್ರಿ ಹಾಕಿ ಕಳಿಸಿದ ಬಟ್ಟೆ ಮಧ್ಯಾಹ್ನ ಮನೆಗೆ ಮರಳುವ ಹೊತ್ತಿಗೆ ಬೇರೆಯೇ ಬಣ್ಣ ತಾಳಿರುತ್ತದೆ. ಕಬಡ್ಡಿ ಆಡಿದವನ ಬೆನ್ನು, ಕುಂಟೆಬಿಲ್ಲೆ ಆಡಿದವಳ ಲಂಗದ ಅಂಚು, ಯಾವ ಆಟವನ್ನೂ ಆಡದೆ ಸುಮ್ಮನೆ ಕಟ್ಟೆಯ ಮೇಲೆ ಕೂತವನ ಚಡ್ಡಿ, ಎಲ್ಲವೂ ಕೆಂಪು. ಬಟ್ಟೆ ಸೋಪು ಹಚ್ಚಿ ಕಲ್ಲಿನ ಮೇಲೆ ಎಷ್ಟು ಬಡಿದರೂ ಒಂದು ಮಾಸಲು ಛಾಯೆ ಉಳಿದೇ ಉಳಿಯುತ್ತದೆ. ವರ್ಷದ ಕೊನೆಗೆ ಆ ಬಿಳಿ ಅಂಗಿಯನ್ನು ಬಿಳಿ ಎಂದು ಕರೆಯಲು ಧೈರ್ಯ ಬೇಕು.

ಈ ಕಲೆ ಹೋಗದಿರಲು ಕಾರಣವಿದೆ. ಅದು ಬರೀ ಕೊಳೆಯಲ್ಲ, ಕಬ್ಬಿಣ. ಮಣ್ಣಿನಲ್ಲಿರುವ ಕಬ್ಬಿಣ ಗಾಳಿಯ ಆಮ್ಲಜನಕದೊಡನೆ ಸೇರಿ ತುಕ್ಕು ಹಿಡಿದು ಅತಿ ಸಣ್ಣ ಕಣಗಳಾಗಿರುತ್ತದೆ. ಆ ಕಣಗಳು ನೂಲಿನ ಎಳೆಗಳ ನಡುವೆ ಹೊಕ್ಕು ಕೂರುತ್ತವೆ. ನೀರಿನಲ್ಲಿ ಅವು ಕರಗುವುದಿಲ್ಲ, ಸೋಪಿಗೆ ಜಗ್ಗುವುದಿಲ್ಲ. ಅಜ್ಜಿಯರು ನಿಂಬೆಹಣ್ಣಿನ ಹೋಳಿಗೆ ಉಪ್ಪು ಸವರಿ ಕಲೆಯ ಮೇಲೆ ತಿಕ್ಕುವುದುಂಟು. ನಿಂಬೆಯ ಹುಳಿ ಕಬ್ಬಿಣದ ತುಕ್ಕನ್ನು ಅಷ್ಟಿಷ್ಟು ಕರಗಿಸುತ್ತದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಡೆಯುವ ಈ ಕೆಲಸ ರಸಾಯನಶಾಸ್ತ್ರದ ಒಳ್ಳೆಯ ಪಾಠ ಎಂದು ಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ, ಅಷ್ಟೆ.

ಮೈಸೂರಿನಿಂದ ಮಡಿಕೇರಿ ರಸ್ತೆ ಹಿಡಿದು ಹೊರಟವರಿಗೆ ಇಲವಾಲ ದಾಟಿ ಬಿಳಿಕೆರೆ ಸಮೀಪಿಸುತ್ತಿದ್ದಂತೆ ಈ ಬಣ್ಣದ ಪರಿಚಯವಾಗುತ್ತದೆ. ಬಿಳಿಕೆರೆಯಲ್ಲಿ ಬಲಕ್ಕೆ ತಿರುಗಿದರೆ ಕೆ.ಆರ್. ನಗರ. ನೇರ ಹೋದರೆ ಹುಣಸೂರು, ಅದರಾಚೆ ಪಿರಿಯಾಪಟ್ಟಣ. ಹುಣಸೂರಿನಿಂದ ದಕ್ಷಿಣಕ್ಕೆ ಇಳಿದರೆ ಎಚ್.ಡಿ. ಕೋಟೆ. ಮುಂಗಾರಿಗೆ ಮುನ್ನ, ಮೊದಲ ಉಳುಮೆ ಮುಗಿದ ವಾರದಲ್ಲಿ ಬಂದವರು ಅದೃಷ್ಟವಂತರು. ಉತ್ತ ಹೊಲಗಳು ಒಂದೆಡೆ ಇಟ್ಟಿಗೆಯ ಬಣ್ಣ, ಇನ್ನೊಂದೆಡೆ ಹುರಿದ ಮೆಣಸಿನಕಾಯಿಯ ಬಣ್ಣ, ಮಳೆ ಬಿದ್ದ ಕಡೆ ಹಸಿ ಲಿವರಿನ ಬಣ್ಣ. ಬೇಸಿಗೆಯ ಧೂಳಿನಲ್ಲಿ ಹಳ್ಳಿಗೆ ಹೋಗಿ ಬಂದ ಸರ್ಕಾರಿ ಕೆಂಪು ಬಸ್ಸಿನ ಬಣ್ಣ ಎಲ್ಲಿ ಮುಗಿಯಿತು, ರಸ್ತೆಯ ಬಣ್ಣ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ.

ಈ ಬಣ್ಣಕ್ಕೆ ಕನ್ನಡದಲ್ಲಿ ಹೆಸರು ಹುಡುಕಿಕೊಂಡು ಹೋಗಬೇಕಾಗಿಲ್ಲ. ಕೆಂಪು ಎಂಬ ಅರ್ಥದ 'ಕೆಂ' ಎಂಬ ಬೇರು ನಮ್ಮ ಭಾಷೆಯಲ್ಲಿ ಎಲ್ಲೆಲ್ಲೂ ಹಬ್ಬಿದೆ. ಕೆಂಡ, ಕೆಂಗಣ್ಣು, ಕೆಂದಾವರೆ, ಕೆಂದುಟಿ, ಕೆಮ್ಮುಗಿಲು, ಬೇಲಿಯಲ್ಲಿ ಕೂಗುವ ಕೆಂಬೂತ, ಕಾಲಿಗೆ ಕಚ್ಚುವ ಕೆಂಜಗ, ಎಳನೀರಿನ ಕೆಂದೆಂಗು. ಮಣ್ಣಿನ ಜತೆ ಸೇರಿದಾಗ ಕೆಮ್ಮಣ್ಣು. ಇದನ್ನೇ ತಮಿಳರು 'ಸೆಮ್ಮಣ್' ಎನ್ನುತ್ತಾರೆ. ನಾವು ಕಿವಿ ಎಂದರೆ ಅವರು 'ಸೆವಿ' ಎನ್ನುವಂತೆ. ಮೂಲದ 'ಕ'ಕಾರವನ್ನು ಕನ್ನಡ ಉಳಿಸಿಕೊಂಡಿದೆ, ತಮಿಳು ಬದಲಿಸಿಕೊಂಡಿದೆ. ಕೆಮ್ಮಣ್ಣನ್ನು ಬಗೆದ ಜಾಗವೇ ಚಿಕ್ಕಮಗಳೂರು ಜಿಲ್ಲೆಯ ಕೆಮ್ಮಣ್ಣುಗುಂಡಿ. ಭದ್ರಾವತಿಯ ಕಾರ್ಖಾನೆಗೆ ಅಲ್ಲಿಂದ ಕಬ್ಬಿಣದ ಅದಿರು ಹೋಗುತ್ತಿತ್ತು ಎಂಬುದನ್ನು ನೆನೆದರೆ ಹೆಸರಿಟ್ಟ ಹಿರಿಯರ ಕಣ್ಣು ಎಷ್ಟು ಚುರುಕೆಂದು ತಿಳಿಯುತ್ತದೆ.

ಇನ್ನೊಂದು ಹೆಸರು ಕಾವಿ. ಕೆಮ್ಮಣ್ಣಿನಲ್ಲಿ ಬಣ್ಣದ ಅಂಶ ಹೆಚ್ಚಾಗಿ, ಉಂಡೆ ಕಟ್ಟಿ, ಕಲ್ಲಿನ ಮೇಲೆ ತೇಯ್ದರೆ ನುಣ್ಣಗೆ ಗಂಧದಂತೆ ಬರುವಂಥದ್ದು ಕಾವಿ. ಖಾದಿಯ ಸಹವಾಸದಿಂದಲೋ ಏನೋ ಈಚೆಗೆ ಅದು ಅನೇಕರ ಬರವಣಿಗೆಯಲ್ಲಿ 'ಖಾವಿ' ಆಗಿಬಿಟ್ಟಿದೆ. ಮಹಾಪ್ರಾಣ ಬೇಡದ ಕಡೆ ಮಹಾಪ್ರಾಣ.

ಮಣ್ಣು ಇಲ್ಲಿ ಯಾಕೆ ಕೆಂಪು? ಉತ್ತರ ಹುಡುಕಲು ಎಚ್.ಡಿ. ಕೋಟೆಯ ದಿಕ್ಕಿನ ಸರಗೂರಿಗೆ ಹೋಗಬೇಕು. 2018ರಿಂದ ಅದು ಪ್ರತ್ಯೇಕ ತಾಲ್ಲೂಕು. ಭೂವಿಜ್ಞಾನಿಗಳ ಪುಸ್ತಕಗಳಲ್ಲಿ ಮಾತ್ರ ಈ ಊರಿನ ಹೆಸರು ತಾಲ್ಲೂಕಾಗುವ ಎಷ್ಟೋ ಮೊದಲೇ ಪ್ರಸಿದ್ಧ. ಸರಗೂರು ಶಿಲಾ ಸಮೂಹ ಎಂದು ಕರೆಯಲಾಗುವ ಇಲ್ಲಿನ ಬಂಡೆಗಳಿಗೆ 300 ಕೋಟಿ ವರ್ಷಗಳಿಗೂ ಹೆಚ್ಚಿನ ವಯಸ್ಸು. ಅವುಗಳ ನಡುವೆ ಕಬ್ಬಿಣ ತುಂಬಿದ ಕಲ್ಲಿನ ಪಟ್ಟೆಗಳಿವೆ. ಭೂಮಿಯ ಗಾಳಿಯಲ್ಲಿ ಆಮ್ಲಜನಕ ಗಣನೀಯವಾಗಿ ಸೇರಲಾರಂಭಿಸಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಅಂದರೆ ಈ ಕಲ್ಲುಗಳಲ್ಲಿನ ಕಬ್ಬಿಣಕ್ಕೆ, ಅದನ್ನು ತುಕ್ಕು ಹಿಡಿಸುವ ಗಾಳಿಗಿಂತ ಹೆಚ್ಚು ವಯಸ್ಸು!

ಸುತ್ತಲಿನ ಹೊಲಗಳ ಅಡಿಯಲ್ಲಿರುವುದು ಹೆಚ್ಚಾಗಿ ಬೂದು ಬಣ್ಣದ ಗ್ರಾನೈಟು ಜಾತಿಯ ಕಲ್ಲು. ಅದರಲ್ಲೂ ಕಪ್ಪು ಚುಕ್ಕೆಗಳಾಗಿ ಕಬ್ಬಿಣದ ಖನಿಜಗಳಿರುತ್ತವೆ. ಬಿಸಿಲು, ಮಳೆ, ಬೇರು, ಗೆದ್ದಲು ಎಲ್ಲವೂ ಸೇರಿ ಸಾವಿರಾರು ವರ್ಷ ಕಲ್ಲನ್ನು ಪುಡಿಮಾಡುತ್ತವೆ. ಕರಗುವ ಅಂಶ ಮಳೆನೀರಿನಲ್ಲಿ ಹೊಳೆ ಸೇರುತ್ತದೆ. ಕರಗದ ಕಬ್ಬಿಣ ಹಿಂದೆ ಉಳಿದು ತುಕ್ಕಾಗಿ ಪ್ರತಿ ಮರಳ ಕಣಕ್ಕೂ ತೆಳುವಾದ ಅಂಗಿ ತೊಡಿಸುತ್ತದೆ. ಒಂದು ಹಿಡಿ ಮಣ್ಣನ್ನು ಗಾಜಿನ ಲೋಟದಲ್ಲಿ ನೀರಿಗೆ ಹಾಕಿ ಕದಡಿ ಒಂದು ರಾತ್ರಿ ಬಿಟ್ಟರೆ ಮಕ್ಕಳೇ ನೋಡಬಹುದು. ದಪ್ಪ ಮರಳು ತಳದಲ್ಲಿ, ಅದರ ಮೇಲೆ ನುಣುಪು ಮಣ್ಣು, ಎಲ್ಲಕ್ಕಿಂತ ಮೇಲೆ ಕೆನೆಯಂತೆ ಕೂರುವ ಕೆಂಪು ಜೇಡಿ.

ಆ ಕೆನೆಯೇ ಹಳ್ಳಿಯ ಹೆಣ್ಣುಮಕ್ಕಳ ಬಣ್ಣದ ಡಬ್ಬಿಯಾಗಿತ್ತು. ಗೌರಿ ಹಬ್ಬವೋ ದೀಪಾವಳಿಯೋ ಹತ್ತಿರ ಬಂದರೆ ಮಂಕರಿ ಹೊತ್ತು ಊರಾಚೆಯ ಕೆಮ್ಮಣ್ಣಿನ ಗುಂಡಿಗೆ ಹೋಗುವುದು, ಹೆಂಟೆಗಳನ್ನು ತಂದು ಒಡಕು ಗಡಿಗೆಯಲ್ಲಿ ನೆನೆಹಾಕುವುದು, ಮಾರನೆಯ ದಿನ ಕದಡಿ, ಮರಳು ತಳಕ್ಕಿಳಿದ ಮೇಲೆ ಮೇಲಿನ ಕೆಂಪು ನೀರನ್ನಷ್ಟೇ ಬಸಿದುಕೊಳ್ಳುವುದು. ಸಾರಣೆ ಕಾರಣೆ ಎಂಬ ಜೋಡಿಪದದಲ್ಲಿ ಈ ಇಡೀ ಕೆಲಸ ಅಡಗಿದೆ. ಸಾರಣೆ ಎಂದರೆ ಸಗಣಿ ಹಾಕಿ ನೆಲ ಬಳಿಯುವುದು. ಕಾರಣೆ ಎಂದರೆ ಸುಣ್ಣ, ಕೆಮ್ಮಣ್ಣುಗಳಿಂದ ಪಟ್ಟೆ ಎಳೆದು ಅಂದಗೊಳಿಸುವುದು. ಗೋಡೆಗೆ ಸುಣ್ಣ, ಗೋಡೆಯ ಬುಡದಲ್ಲಿ ಮೊಣಕಾಲೆತ್ತರಕ್ಕೆ ಕೆಮ್ಮಣ್ಣಿನ ಪಟ್ಟಿ, ಜಗುಲಿಯ ಅಂಚಿಗೊಂದು ಗೆರೆ, ರಂಗೋಲಿಯ ಸುತ್ತ ಒಂದು ಬಳಸು.

ಬುಡಕ್ಕೇ ಕೆಂಪು ಯಾಕೆ? ಅಂದಕ್ಕೆ ಎಂದು ಯಾರಾದರೂ ಹೇಳಬಹುದು. ಮಳೆಗಾಲದಲ್ಲಿ ಒಂದು ಹೊತ್ತು ಸೂರಿನ ಕೆಳಗೆ ನಿಂತು ನೋಡಿದರೆ ನಿಜವಾದ ಉತ್ತರ ಸಿಗುತ್ತದೆ. ಹೆಂಚಿನಿಂದ ಸುರಿಯುವ ನೀರು ಅಂಗಳದ ಕೆಂಪು ಮಣ್ಣಿಗೆ ಬಡಿದು ಗೋಡೆಗೆ ಸಿಡಿಯುವುದು ಸರಿಯಾಗಿ ಮೊಣಕಾಲೆತ್ತರಕ್ಕೇ. ಹೇಗೂ ಕೆಂಪಾಗುವ ಜಾಗವನ್ನು ತಾವೇ ಮೊದಲು ಕೆಂಪು ಮಾಡಿಬಿಟ್ಟರೆ ಕೊಳೆ ಕಾಣುವುದಿಲ್ಲ. ವಿನ್ಯಾಸ ಎಂಬ ದೊಡ್ಡ ಮಾತನ್ನು ಬಳಸದೆಯೇ ಮಾಡಿದ ಒಳ್ಳೆಯ ವಿನ್ಯಾಸ ಇದು. ದೇವಸ್ಥಾನದ ಪೌಳಿ ಗೋಡೆಗಳ ಮೇಲೆ ಬಿಳಿಯ ಪಕ್ಕ ಕೆಂಪು ಪಟ್ಟೆ ಬರುವುದೂ ಇದೇ ಎರಡು ಡಬ್ಬಿಗಳಿಂದ, ಸುಣ್ಣ ಮತ್ತು ಕಾವಿ.

ಮನೆಗಳಲ್ಲಿ ಇನ್ನೊಂದು ಕೆಂಪೂ ಇದೆಯಲ್ಲ ಎಂದು ಗೃಹಿಣಿಯರು ಕೇಳಬಹುದು. ಆರತಿಯ ತಟ್ಟೆಯ ಕೆಂಪು ನೀರು. ಅದು ಬೇರೆಯೇ ವಂಶದ್ದು. ಅರಿಶಿನಕ್ಕೆ ಸುಣ್ಣ ಬೆರೆತಾಗ ಹುಟ್ಟುವ ಆ ಕೆಂಪು ಗಿಡದಿಂದ ಬಂದದ್ದು, ಬಿಸಿಲಿಗೆ ಮಾಸುತ್ತದೆ, ಹುಳಿ ಬಿದ್ದರೆ ಮತ್ತೆ ಹಳದಿಯಾಗುತ್ತದೆ. ಇನ್ನು ಸಿಂಧೂರದ ಒಂದು ಬಗೆ ಸೀಸದಿಂದ, ಇಂಗಳೀಕ ಪಾದರಸದಿಂದ ಆದವು. ಎರಡೂ ವಿಷ, ಮಕ್ಕಳ ಕೈಗೆ ಸಿಗಬಾರದಂಥವು. ಕೆಮ್ಮಣ್ಣು ಮಾತ್ರ ಬಡವರ ಬಣ್ಣ, ನಿರಪಾಯದ ಬಣ್ಣ, ಬಿಸಿಲಿಗೂ ಸುಣ್ಣಕ್ಕೂ ಹೆದರದ ಬಣ್ಣ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಕಲ್ಲಾಸರೆಗಳಲ್ಲಿ ಆದಿಮಾನವರು ಕೆಂಪು ಕಾವಿಯಲ್ಲಿ ಬರೆದ ಮನುಷ್ಯರೂ ಪ್ರಾಣಿಗಳೂ ಇಂದಿಗೂ ಕಾಣುತ್ತಿರುವುದು ಈ ಗುಣದಿಂದಲೇ. ದಕ್ಷಿಣ ಆಫ್ರಿಕದ ಬ್ಲಾಂಬೋಸ್ ಗುಹೆಯಲ್ಲಿ ಸುಮಾರು ಒಂದು ಲಕ್ಷ ವರ್ಷಗಳ ಹಿಂದೆ ಕಾವಿ ಅರೆದು ಚಿಪ್ಪಿನಲ್ಲಿ ಕಲಸಿಟ್ಟ ಗುರುತುಗಳು ಸಿಕ್ಕಿವೆ.

ಕೆ.ಆರ್. ನಗರದ ಕಡೆ ತಿರುಗಿದರೆ ನೋಟ ಬದಲಾಗುತ್ತದೆ. ಕಾವೇರಿಯ ನಾಲೆಗಳ ಕೆಳಗೆ ಹಸಿರು ಗದ್ದೆ, ಚುಂಚನಕಟ್ಟೆಯಲ್ಲಿ ಧುಮುಕುವ ಹೊಳೆ. ಹಳೆಯ ಎಡತೊರೆಗೆ ಪ್ರವಾಹದ ಕಾಟ ಹೆಚ್ಚಿ, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಕಟ್ಟಿದ ಹೊಸ ಊರು ಕೃಷ್ಣರಾಜನಗರ. ಇಲ್ಲಿ ಕೆಂಪು ಬಣ್ಣ ನೀರಿನ ಮಟ್ಟಕ್ಕಿಂತ ಮೇಲಿನ ದಿಣ್ಣೆಗಳಿಗೆ ಹೋಗಿ ಕೂತಿದೆ. ಆದರೆ ಊರಿನಿಂದ ಕೆಳಗೆ, ಅದೇ ಹೊಳೆಗೆ ಅಡ್ಡಲಾಗಿ ನಿಂತಿರುವ ಕನ್ನಂಬಾಡಿ ಕಟ್ಟೆಯ ಒಳಗೆ ಈ ಕೆಂಪು ಅಡಗಿದೆ ಎಂಬುದು ಎಷ್ಟು ವಿದ್ಯಾರ್ಥಿಗಳಿಗೆ ಗೊತ್ತು? 1911ರಲ್ಲಿ ಕೆಲಸ ಆರಂಭವಾದ ಆ ಅಣೆಕಟ್ಟೆಗೆ ಕಲ್ಲು ಕೂರಿಸಿದ್ದು ಸಿಮೆಂಟಿನಿಂದಲ್ಲ, ಸುರ್ಕಿ ಗಾರೆಯಿಂದ. ಸುರ್ಕಿ ಎಂದರೆ ಸುಟ್ಟ ಜೇಡಿಮಣ್ಣಿನ, ಇಟ್ಟಿಗೆಯ ಪುಡಿ. ಪಾರಸಿಯಲ್ಲಿ 'ಸುರ್ಖ್' ಎಂದರೆ ಕೆಂಪು. ಬರಿಯ ಸುಣ್ಣದ ಗಾರೆ ನೀರಿನ ಅಡಿಯಲ್ಲಿ ಗಟ್ಟಿಯಾಗಲಾರದು. ಸುಟ್ಟ ಮಣ್ಣಿನ ಪುಡಿ ಬೆರೆತರೆ ನೀರೊಳಗೂ ಕಲ್ಲಾಗುತ್ತದೆ. ಹೀಗೆ ಕಾವೇರಿಯನ್ನು ತಡೆದು ನಿಲ್ಲಿಸಿರುವುದರಲ್ಲಿ ಸುಟ್ಟ ಮಣ್ಣಿನದೂ ಒಂದು ಪಾಲು.

ಮಣ್ಣು ಸುಟ್ಟಾಗ ಕೆಂಪಾಗುವುದು ಒಂದು ಸೋಜಿಗ. ಕುಂಬಾರರ ಹಸಿ ಗಡಿಗೆ ಕಂದು ಇಲ್ಲವೇ ಬೂದು. ಆವಿಗೆಯಲ್ಲಿ ಗಾಳಿ ಚೆನ್ನಾಗಿ ಆಡಿದರೆ ಒಳಗಿನ ಕಬ್ಬಿಣ ಪೂರಾ ಕೆಂಪಾಗುತ್ತದೆ. ಗಾಳಿ ಕಟ್ಟಿ ಹೊಗೆ ತುಂಬಿಸಿದರೆ ಅದೇ ಮಣ್ಣು ಕಪ್ಪು ಗಡಿಗೆ. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ಬೃಹತ್ ಶಿಲಾಯುಗದ ಗೋರಿಗಳಲ್ಲಿ ಸಿಕ್ಕ ಮಡಕೆಗಳು ಒಳಗೆ ಕಪ್ಪು, ಹೊರಗೆ ಕೆಂಪು. ಎರಡು ಸಾವಿರ ವರ್ಷಗಳಿಗೂ ಹಿಂದಿನ ಕುಂಬಾರನಿಗೆ ಬೆಂಕಿಯ ಎರಡು ಗುಟ್ಟುಗಳೂ ತಿಳಿದಿದ್ದವು. ಹಳದಿ ಜೇಡಿಯ ಚೂರೊಂದನ್ನು ದೊಡ್ಡವರ ಎದುರಿನಲ್ಲಿ ಕಬ್ಬಿಣದ ಸೌಟಿನಲ್ಲಿಟ್ಟು ಚೆನ್ನಾಗಿ ಕಾಯಿಸಿದರೆ ಅದು ನೀರಿನಂಶ ಕಳೆದುಕೊಂಡು ಕೆಂಪಾಗುವುದನ್ನು ಮಕ್ಕಳು ಮನೆಯಲ್ಲೇ ನೋಡಬಹುದು. ಚಿತ್ರಕಲೆಯ ಪೆಟ್ಟಿಗೆಯಲ್ಲಿರುವ 'ಬರ್ನ್ಟ್ ಸಿಯೆನ್ನಾ' ಎಂಬ ಬಣ್ಣವೂ ಇಟಲಿಯ ಸಿಯೆನಾ ಊರಿನ ಮಣ್ಣನ್ನು ಹೀಗೆಯೇ ಹುರಿದು ಮಾಡುತ್ತಿದ್ದುದು. ಪಕ್ಕದಲ್ಲೇ 'ಇಂಡಿಯನ್ ರೆಡ್' ಎಂಬ ಹೆಸರಿದ್ದರೆ ಅದು ನಮ್ಮ ದೇಶದ ಕಾವಿಯ ನೆನಪು. ಸ್ವೀಡನ್ನಿನ ಹಳ್ಳಿಗಳ ಮರದ ಮನೆಗಳಿಗೂ ಫಾಲುನ್ ಎಂಬ ತಾಮ್ರದ ಗಣಿಯ ಕೆಮ್ಮಣ್ಣೇ ಬಣ್ಣ.

ಸುಟ್ಟ ಮಣ್ಣು ನಮ್ಮ ಮನೆಗಳ ನೆತ್ತಿಗೂ ಏರಿತು. ಮೊದಲಿದ್ದದ್ದು ಕುಂಬಾರರ ನಾಡಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಮಂಗಳೂರು ಹೆಂಚು ಘಟ್ಟ ಹತ್ತಿ ಬಂತು. ಆಮೇಲೆ ರೆಡ್ ಆಕ್ಸೈಡ್ ನೆಲ. ಸಿಮೆಂಟಿಗೆ ಕಬ್ಬಿಣದ ಕೆಂಪು ಪುಡಿ ಬೆರೆಸಿ, ನುಣುಪಾಗಿ ತೀಡಿ, ವರ್ಷಗಟ್ಟಲೆ ಕಾಲು ಸವೆಸಿ ಸವೆಸಿ ಕನ್ನಡಿಯಾದ ನೆಲ. ಬೇಸಿಗೆಯ ಮಧ್ಯಾಹ್ನ ಅದರ ಮೇಲೆ ಚಾಪೆಯಿಲ್ಲದೆ ಮಲಗಿದವರಿಗೆ ಅದರ ತಂಪು ಗೊತ್ತು. ಈಗ ಹೊಳೆಯುವ ಟೈಲ್ಸ್ ಬಂದು ಆ ನೆಲಗಳನ್ನು ಒಡೆಯುತ್ತಿದ್ದಾರೆ. ಇತ್ತ ಕಬಿನಿ ಹಿನ್ನೀರಿನ ದಡದ ವಿಹಾರಧಾಮಗಳಲ್ಲಿ ಸಿಮೆಂಟಿನ ಗೋಡೆಗೆ ಮಣ್ಣಿನ ಬಣ್ಣ ಬಳಿದು ಪಟ್ಟಣದವರನ್ನು ಸೆಳೆಯುತ್ತಾರೆ. ನಿಜವಾದ ಮಣ್ಣಿನ ಗೋಡೆ ಇದ್ದವರು ಅದನ್ನು ಕೆಡವಲು ಸಾಲ ಹುಡುಕುತ್ತಾರೆ. ಸೋರುವ ಮನೆಯಲ್ಲಿ ಬದುಕಿದವರನ್ನು ಇದಕ್ಕಾಗಿ ಹಳಿಯುವುದು ನ್ಯಾಯವಲ್ಲ.

ಪಿರಿಯಾಪಟ್ಟಣದ ಗಡಿಯ ಬೈಲುಕುಪ್ಪೆಯಲ್ಲಿ ಈ ಬಣ್ಣ ಜನರ ಮೈಮೇಲೆಯೇ ಓಡಾಡುತ್ತದೆ. 1961ರಲ್ಲಿ ಇಲ್ಲಿ ನೆಲೆಯೂರಿದ ಟಿಬೆಟನ್ನರ ಭಿಕ್ಷುಗಳ ಉಡುಪು ಕಡುಗೆಂಪು, ಒಣಗಿದ ರಕ್ತಚಂದನದಂಥದ್ದು. ಸಂನ್ಯಾಸಿಯ ಬಟ್ಟೆಗೆ ಕಾಷಾಯ ಎಂಬ ಹೆಸರಿದೆಯಷ್ಟೆ. ನೆಗಡಿಗೆ ಕುಡಿಯುವ ಕಷಾಯವೂ ಅದೂ ಒಂದೇ ಮೂಲದ ಪದ. ತೊಗಟೆ, ಬೇರುಗಳನ್ನು ಕುದಿಸಿದ ಒಗರಾದ ಕೆಂಗಂದು ರಸದಲ್ಲಿ ಅದ್ದಿದ ಬಟ್ಟೆ ಕಾಷಾಯ. ಇಂದಿನ ಬಟ್ಟೆ ಗಿರಣಿಯದೇ ಆದರೂ ಬಣ್ಣ ಹಳೆಯದು. ಬೌದ್ಧವಿಹಾರಗಳ ಗೋಡೆಗಳನ್ನು ಸ್ವಲ್ಪ ತಲೆಯೆತ್ತಿ ನೋಡಬೇಕು. ಸೂರಿನ ಕೆಳಗೆ, ಗೋಡೆಯ ನೆತ್ತಿಯ ಉದ್ದಕ್ಕೂ ಕಡುಗೆಂಪಿನ ಅಗಲವಾದ ಪಟ್ಟಿ. ಟಿಬೆಟ್ಟಿನಲ್ಲಿ ಅದನ್ನು ಸಣ್ಣ ಕಡ್ಡಿಗಳ ಕಂತೆಯನ್ನು ಒತ್ತಾಗಿ ಜೋಡಿಸಿ ಬಣ್ಣ ಹಚ್ಚಿ ಮಾಡುತ್ತಿದ್ದರು. ಇಲ್ಲಿ ಗಾರೆಯಲ್ಲಿ ಮಾಡಿದ್ದಾರೆ. ಪಕ್ಕದ ಕನ್ನಡದ ಹಳ್ಳಿಗಳಲ್ಲಿ ಗೋಡೆಯ ಪಾದಕ್ಕೆ ಕೆಂಪು, ಇಲ್ಲಿ ಹಣೆಗೆ ಕೆಂಪು.

ಈ ಸೀಮೆಯ ಮಣ್ಣಿಗೆ ಬಣ್ಣದ ಆಚೆಗೂ ಒಂದು ಬೆಲೆ ಬಂದದ್ದು ಹೊಗೆಸೊಪ್ಪಿನಿಂದ. ಕೆಮ್ಮಣ್ಣು ಹಗುರ, ಮರಳು ಮಿಶ್ರಿತ, ಸಾರಜನಕ ಕಡಿಮೆ. ಇನ್ನೊಂದು ಬೆಳೆಗೆ ದಾರಿದ್ರ್ಯವಾಗಿದ್ದ ಗುಣವೇ ವರ್ಜೀನಿಯಾ ತಂಬಾಕಿಗೆ ವರವಾಯಿತು. ಕೊಬ್ಬಿದ ನೆಲದಲ್ಲಿ ಎಲೆ ದಪ್ಪಗೆ ಕಪ್ಪಾಗುತ್ತದೆ, ಇಲ್ಲಿ ತೆಳ್ಳಗೆ ಹೊನ್ನಿನ ಬಣ್ಣಕ್ಕೆ ಹಣ್ಣಾಗುತ್ತದೆ. 1984ರಲ್ಲಿ ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ಶುರುವಾದ ಮೇಲೆ ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರಗಳ ಹೆಸರು ದೂರದೂರಿನ ವ್ಯಾಪಾರಿಗಳ ಬಾಯಲ್ಲಿ ಬಂತು. ಹೊಲಗಳ ನಡುವೆ ಕೆಂಪು ಇಟ್ಟಿಗೆಯ ಎತ್ತರದ ಬ್ಯಾರನ್‌ಗಳು ಎದ್ದವು. ಎಷ್ಟೋ ಮಕ್ಕಳ ಕಾಲೇಜು ಶುಲ್ಕ, ಅಕ್ಕಂದಿರ ಮದುವೆ ಹರಾಜಿನ ಹಣದಲ್ಲೇ ನಡೆದದ್ದು. ಜತೆಗೆ ಬೇಲಿಯ ಮರ, ಗೋಮಾಳದ ಮರ ಬ್ಯಾರನ್ ಒಲೆಗೆ ಹೋದದ್ದೂ ನಿಜ. 2005ರಲ್ಲಿ ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದ ಜಾರಿಗೆ ಬಂದ ಮೇಲೆ ಮುಂದೇನು ಎಂಬ ಪ್ರಶ್ನೆ ಪ್ರತಿ ಹರಾಜಿನ ಕಾಲಕ್ಕೂ ಏಳುತ್ತದೆ. ಹಿಂದೆ ಇದೇ ಹೊಲ ರಾಗಿ, ಅವರೆ, ಹುಚ್ಚೆಳ್ಳನ್ನು ಒಟ್ಟಿಗೆ ಬೆಳೆಯುತ್ತಿತ್ತು. ಅವರೆಯ ಬೇರು ನೆಲಕ್ಕೆ ಸಾರಜನಕ ಹಿಂದಿರುಗಿಸುತ್ತಿತ್ತು.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ ಹುಟ್ಟಿ, ನೇಗಿಲು ಹಿಡಿದು, ಮುಂದೆ ಮುಖ್ಯಮಂತ್ರಿಯಾದ ಡಿ. ದೇವರಾಜ ಅರಸರ ಕಾಲದಲ್ಲಿ, 1974ರ ಭೂಸುಧಾರಣೆಯಿಂದ ಉಳುವವನಿಗೆ ನೆಲ ಸಿಕ್ಕಿತು. ಈಗ ಆ ನೆಲದ ಮೇಲ್ಮಣ್ಣೇ ಲಾರಿ ಹತ್ತಿ ಹೋಗುತ್ತಿದೆ. ಇಟ್ಟಿಗೆ ಗೂಡಿಗೆ, ರಸ್ತೆ ತುಂಬಲು, ನಿವೇಶನ ಮಟ್ಟ ಮಾಡಲು. ಸಾಲದ ಅವಸರಕ್ಕೆ ಮಾರಿದ ರೈತನಿಗೆ ಒಂದು ವರ್ಷ ಉಸಿರಾಡುವಷ್ಟು ಹಣ ಸಿಗುತ್ತದೆ. ಆದರೆ ಬೆಳೆ ನಿಂತಿರುವುದು ಆ ಮೇಲಿನ ಪದರದ ಮೇಲೆ. ಅದರಡಿ ಇರುವುದು ಬಿಳಿ ಜಲ್ಲಿ ಮತ್ತು ಕಲ್ಲು. ಒಂದು ಅಂಗುಲ ಮಣ್ಣಾಗಲು ನೂರಾರು ವರ್ಷ ಬೇಕು. ಯಂತ್ರದ ಬಾಯಿಗೆ ಒಂದು ಗಳಿಗೆ ಸಾಕು. ಹಬ್ಬಕ್ಕೆ ಮಂಕರಿ ಹಿಡಿದು ಹೋಗುತ್ತಿದ್ದ ಗುಂಡಿಗಳೂ ಉಳಿದಿರುವುದು ಕಡಿಮೆ. ಕೆಲವಕ್ಕೆ ಬೇಲಿ ಬಿದ್ದಿದೆ, ಕೆಲವು ಕಸ ತುಂಬಿ ಮುಚ್ಚಿಹೋಗಿವೆ. ಕೆಮ್ಮಣ್ಣಿನ ಬದಲು ಸಂತೆಯಲ್ಲಿ ಪೊಟ್ಟಣದ ಬಣ್ಣ ಸಿಗುತ್ತದೆ, ಮಳೆ ಬಂದರೆ ಅಂಗಳ ಗುಲಾಬಿಯಾಗುತ್ತದೆ.

ಮಳೆಗಾಲದಲ್ಲಿ ಹುಣಸೂರಿನ ಸೇತುವೆಯ ಮೇಲೆ ನಿಂತರೆ ಲಕ್ಷ್ಮಣತೀರ್ಥ ಕೆನ್ನೀರಾಗಿ ಹರಿಯುತ್ತದೆ. ನೋಡಲು ಚೆಂದ. ಹರಿಯುತ್ತಿರುವುದು ಮೇಲಿನ ಹೊಲಗಳು ಎಂದು ತಿಳಿದ ಮೇಲೆ ಆ ಚೆಂದ ಉಳಿಯುವುದಿಲ್ಲ. ಬದು ಹಾಕಿದ, ಬದುವಿನ ಮೇಲೆ ಹುಲ್ಲು ಬೆಳೆಸಿದ ಹೊಲದಿಂದ ಬರುವ ನೀರು ತಿಳಿಯಾಗಿರುತ್ತದೆ. ಶಾಲೆಯ ಮಕ್ಕಳು ಎರಡು ಬಾಟಲಿ ಹಿಡಿದು ಎರಡು ಹೊಲಗಳ ಕೋಡಿ ನೀರು ತುಂಬಿ ಕಿಟಕಿಯಲ್ಲಿಟ್ಟರೆ ಮಾರನೆಯ ಬೆಳಿಗ್ಗೆ ತಳದಲ್ಲಿ ಕೂತ ಮಣ್ಣನ್ನು ಅಳೆಯಬಹುದು.

ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟ್ ದಾಟಿ ಕಾಡಿನ ಅಂಚಿಗೆ ಹೋದವರಿಗೆ ಈ ಮಣ್ಣನ್ನು ಬಟ್ಟೆಯಂತೆ ತೊಡುವ ಇನ್ನೊಂದು ಜೀವ ಕಾಣಸಿಗುತ್ತದೆ. 1974ರಲ್ಲಿ ಮುಗಿದ ಕಬಿನಿ ಅಣೆಯ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ ಚಿಗುರುವ ಹುಲ್ಲಿಗೆ ಆನೆಗಳು ಬರುತ್ತವೆ. ಮಿಂದು ಎದ್ದ ಆನೆ ಕಪ್ಪು. ದಡಕ್ಕೆ ಬಂದದ್ದೇ ಸೊಂಡಿಲಿನಲ್ಲಿ ಮಣ್ಣು ಹೀರಿ ಬೆನ್ನ ಮೇಲೆ ಎರಚಿಕೊಳ್ಳುತ್ತದೆ. ಬಿಸಿಲಿಗೂ ಕೀಟಕ್ಕೂ ಅದೇ ಔಷಧ. ಗಳಿಗೆಯಲ್ಲಿ ಆನೆ ಕೆಂಪು. ದಸರೆಗೆ ಮುನ್ನ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಡುವ ದಿನ ಮಾವುತರು ಆನೆಗಳನ್ನು ತಿಕ್ಕಿ ತಿಕ್ಕಿ ತೊಳೆದು, ಹಣೆಗೂ ಸೊಂಡಿಲಿಗೂ ಬಣ್ಣದ ಬಳ್ಳಿ ಬರೆಯುತ್ತಾರೆ. ಜನ ಸೇರಿ, ಪೂಜೆ ಮುಗಿದು, ಆನೆಗಳು ಸಾಲಾಗಿ ಹೆಜ್ಜೆ ಹಾಕುತ್ತವೆ. ರಸ್ತೆಯ ಬದಿಯಲ್ಲಿ ಮಡಿಲು ಸಡಿಲಾದ ಮಣ್ಣು ಸೊಂಡಿಲಿಗೆ ಎಟುಕಿದರೆ, ಮಾವುತ ಗದರುವುದರೊಳಗೆ ಒಂದು ಸೊಂಡಿಲು ಬೆನ್ನಿಗೆ ಬಿದ್ದಿರುತ್ತದೆ.